ನನ್ನ ನೌಕರಿ ಉಳಿಸಿದ ಘಾಟು

ಖಾರ ಕಳ್ಳನಿಗಿಂತ ಮೊದಲು ಕಟ್ಟಿಕೊಂಡವರ ಕಣ್ಣಿಗೇ ಬೀಳುತ್ತದೆ. ತೊಂಬತ್ತರ ಆಸುಪಾಸಿನಲ್ಲಿ ಲಿಂಗಸುಗೂರಿನಿಂದ ಗುರುಗುಂಟಾಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ನರ್ಸು ನಾನು. ನಮ್ಮ ಮನೆಯಲ್ಲಿ ಇದು ಮೇಲಿಂದ ಮೇಲೆ ರುಜುವಾಗುತ್ತಿತ್ತು.

೧. ಸೆರಗಿನ ಗಂಟು

ನಾನು ಕೆಲಸಕ್ಕೆ ಹೋಗುವುದು ಅತ್ತೆಗೆ ಮೊದಲಿನಿಂದಲೂ ಸೇರದು. ಆದರೂ, "ಯಾವನರ ಮೈಮ್ಯಾಲೆ ಬಂದ್ರ ಕಣ್ಣಿಗೆ ಒಗಿಬೇ" ಎಂದು ಸೆರಗಿಗೆ ಖಾರದಪುಡಿ ಕಟ್ಟಿ ಕಳಿಸಿದರು. ಬಸ್ಸಿನಲ್ಲಿ ಸೆಕೆ. ಮರೆತು ಅದೇ ಸೆರಗಿನಿಂದ ಮುಖ ಒರೆಸಿಕೊಂಡೆ. ನನ್ನ ಚೀರಾಟಕ್ಕೆ ಬಸ್ಸೇ ನಿಂತಿತು.

"ಯಾರ ಕೆಲಸ ಇದು? ಹೇಳಕ್ಕಾ, ಗಾಡಿ ಸೀದಾ ಠಾಣೇಕ ಒಯ್ತೀನಿ" ಎಂದ ಕಂಡಕ್ಟರ್.

"ನಮ್ಮತ್ತೀದ್ರೀ" ಎಂದೆ.

ಅವನು ಸೀಟಿ ಊದಿದ. "ರೈಟ್! ಮನೀ ವಿಷಯ, ನಡೀಲಿ ಗಾಡಿ!"

೨. ಮಸ್ಕಿಯ ಪರೀಕ್ಷೆ

ಸುದ್ದಿ ತಿಳಿದು ಮಸ್ಕಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸೋದರಮಾವ ಬೊಂಬಾಯಿಯಿಂದ ಪೆಪ್ಪರ್ ಸ್ಪ್ರೇ ಡಬ್ಬಿ ತರಿಸಿದ. ಮಾಲು ಖರೆಯೋ ಖೊಟ್ಟಿಯೋ ನೋಡಲು ತಿರುಗುವ ಫ್ಯಾನಿಗೆ ಎದುರಾಗಿ ನಿಂತು ಒತ್ತಿದ. ಡಬ್ಬಿ ತರಲೆಂದು ನಾನು ಹೋಗುವಷ್ಟರಲ್ಲಿ ಪಕ್ಕದಂಗಡಿಯವರು ಕಣ್ಣಿಗೆ ತುಪ್ಪ ಸವರಲು ಸಜ್ಜಾಗಿದ್ದರು. ಬೈದು ಅವರನ್ನು ಸರಿಸಿ, ಕೊಡಗಟ್ಟಲೆ ನೀರು ಸುರಿದು ಕಣ್ಣು ತೊಳೆದೆ.

ಸೋದರಮಾವ ಕಣ್ಣು ಬಿಡದೇ ಡಬ್ಬಿ ಚಾಚಿದ. "ಮಾಲು ಪಕ್ಕಾ ಐತಿ. ಇಟ್ಕೋ."

೩. ದೃಷ್ಟಿ

ಅತ್ತೆಯದು ಒಂದೇ ಮಾತು: "ಊರ ಕಣ್ಣು ಬಿದ್ದೈತಿ. ಮೆಣಸಿನಕಾಯಿ ಸುಡ್ತೀನಿ. ಘಾಟು ಬರಲಿಲ್ಲಂದ್ರ ದೃಷ್ಟಿ ಹತ್ತೇದಂತ ಖರೆ. ನಾಳಿಂದ ನೌಕರಿ ಬಂದ್!"

ಗಂಡನೂ ತಲೆಯಾಡಿಸಿದ. ಕಷ್ಟಪಟ್ಟು ಓದಿ ಗಿಟ್ಟಿಸಿದ ನೌಕರಿ. ಅತ್ತೆ ನನ್ನ ಸುತ್ತ ನಿವಾಳಿಸಿ ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದರು. ಹುಳ ಹಿಡಿದ ಹಳೆಯ ಕಾಯಿ, ಒಬ್ಬರಿಗೂ ಸೀನು ಬರಲಿಲ್ಲ.

"ಮುಗೀತು" ಎಂದು ಅತ್ತೆ ನನ್ನ ಡ್ಯೂಟಿ ಚೀಲವನ್ನು ಪೆಟ್ಟಿಗೆಗೆ ತುರುಕಿ, ಮುಚ್ಚಳವನ್ನು ಅದುಮಿದರು.

ಚೀಲದೊಳಗಿದ್ದ ಸ್ಪ್ರೇ ಡಬ್ಬಿ ಬುಸ್ಸೆಂದಿತು.

ಮನೆಯೆಲ್ಲ ಕೆಮ್ಮು. ಗಂಡನ ಅಪ್ಪ, ದಮ್ಮಿನ ರೋಗದ ಮಾವನವರನ್ನು ಮೊದಲು ಅಂಗಳದ ಗಾಳಿಗೆ ಕೂರಿಸಿದೆ. "ತಿಕ್ಕಬ್ಯಾಡ್ರೀ, ನೀರು ಹೊಡಕೋರಿ" ಎಂದು ಒದರುತ್ತ ಎಲ್ಲರ ಕಣ್ಣು ತೊಳೆದೆ. ಮಾವನವರ ಉಸಿರು ಹದಕ್ಕೆ ಬಂದ ಮೇಲೆಯೇ ನನಗೆ ಜೀವ ಬಂತು.

ಅತ್ತೆಯ ಕೆಂಪು ಕಣ್ಣಲ್ಲಿ ನೀರು, ಮುಖದಲ್ಲಿ ಮಾತ್ರ ನಗು. "ಯವ್ವಾ, ಏನ್ ಘಾಟಬೇ! ಯಾರ ದೃಷ್ಟೀನೂ ಇಲ್ಲ. ನಾಳಿ ಡ್ಯೂಟಿಗೆ ಹೋಗು."

ನಾನು ಚೀಲ ಎತ್ತಿಕೊಂಡೆ.

"ಡಬ್ಬಿ ಇಲ್ಲೇ ಇಟ್ಟು ಹೋಗು" ಎಂದರು ಅತ್ತೆ. "ಅಮಾಸಿಗೆ ದೃಷ್ಟಿ ತೆಗ್ಯಾಕ ಬೇಕಾಗ್ತೈತಿ."