ಮೆಹಬೂಬ್ ಮಿಸ್ತ್ರಿಗೆ ನಾನು ಕೊಟ್ಟ ಅಳತೆ

ನನಗೆ ಮೋಸ ಮಾಡಬಲ್ಲ ವ್ಯಾಪಾರಿ ಬೆಂಗಳೂರು ದಂಡಿನಲ್ಲಿ ಇನ್ನೂ ಹುಟ್ಟಿಲ್ಲವೆಂದು ನಾನು ದೃಢವಾಗಿ ನಂಬಿದ್ದ ಕಾಲವದು. ಯುದ್ಧದ ದೆಸೆಯಿಂದ ವಿಲಾಯಿತಿ ಸೈಕಲ್ಲುಗಳು ಬರುವುದು ನಿಂತಿತ್ತು. ಹಲಸೂರಿನಿಂದ ಕಚೇರಿಗೆ ನಡೆದೇ ಹೋಗುತ್ತಿದ್ದ ನಾನು ದಿನವೂ ತಡ. "ಇನ್ನೊಂದು ದಿನ ತಡವಾದರೆ ಮನೆಯಲ್ಲೇ ಇದ್ದುಬಿಡಿ" ಎಂದು ಸಾಹೇಬರು ಎಚ್ಚರಿಸಿದ್ದರು.

ಶಿವಾಜಿನಗರದ ಮೆಹಬೂಬ್ ಮಿಸ್ತ್ರಿ ಕೈಯಿಂದಲೇ ಸೈಕಲ್ ಕಟ್ಟುತ್ತಿದ್ದ. ಬೆಲೆ ಅಂಗಡಿ ಸೈಕಲ್ಲಿನ ಎರಡರಷ್ಟು! ಆದರೂ ಜನ ಮುಗಿಬೀಳುತ್ತಿದ್ದರು. ಇದರಲ್ಲೇನೋ ಮಸಲತ್ತಿದೆ ಎಂದು ನನಗೆ ಅನುಮಾನ.

"ಯಾಕ್ರೀ ಇಷ್ಟು ರೇಟು?" ಎಂದೆ.

"ಅಂಗಡಿ ಸೈಕಲ್ಲಿಗೆ ನೀವು ಹೊಂದ್ಕೋಬೇಕು ಸಾಬ್. ನಂದು ನಿಮಗೆ ಹೊಂದ್ಕೊಳ್ತದೆ," ಎಂದು ಮಿಸ್ತ್ರಿ ಟೇಪು ತೆಗೆದ. "ಜೋಡು ಬಿಚ್ಚಿ, ಸೀದಾ ನಿಂತ್ಕೊಳ್ಳಿ. ಕಾಲಿನ ಅಳತೆ."

ನನ್ನ ಬುದ್ಧಿ ಚುರುಕಾಯಿತು. ಗಿಡ್ಡ ಕಾಲಿಗೆ ಗಿಡ್ಡ ಪೈಪು, ಉದ್ದ ಕಾಲಿಗೆ ಉದ್ದ ಪೈಪು, ಬೆಲೆ ಮಾತ್ರ ಒಂದೇ! ಅಂದರೆ ನನ್ನ ಪಾಲಿನ ಕಬ್ಬಿಣ ಇವನ ಪಾಲಿಗೆ! ಇಳಿಬಿಟ್ಟ ಪಂಚೆಯ ಮರೆಯಲ್ಲಿ ತುದಿಗಾಲ ಮೇಲೆ ನಿಂತುಬಿಟ್ಟೆ.

"ಆಳು ಗಿಡ್ಡ, ಕಾಲು ಮಾತ್ರ ಉದ್ದ!" ಎಂದು ಮಿಸ್ತ್ರಿ ಬೆರಗಾದ.

"ನಮ್ಮ ವಂಶದ ಕಾಲು," ಎಂದೆ ಗಂಭೀರವಾಗಿ.

ತಿಂಗಳಿಡೀ ಓಡೋಡಿ ಹೊತ್ತಿಗೆ ಸರಿಯಾಗಿ ಕಚೇರಿ ಸೇರಿದೆ; ಕೊನೆಗೆ ಸೈಕಲ್ ಸಿದ್ಧವಾಯಿತು. ಸೀಟಿನಲ್ಲಿ ಕೂತರೆ ಪೆಡಲು ಎಟುಕದು, ಪೆಡಲು ತುಳಿದರೆ ಸೀಟು ಸಿಗದು! ಜಗಲಿಯಿಂದ ಅದರ ಮೇಲೆ ಹಾರುತ್ತಿದ್ದ ನನ್ನನ್ನು ನೋಡಿ ಹೆಂಡತಿ ಪದ್ಮಾ, "ಇದೇನ್ರೀ, ಸೈಕಲ್ಲೋ ಕುದುರೇನೋ?" ಎಂದಳು.

ಕಚೇರಿಯ ಗೇಟಿಗೆ ಸರಿಯಾದ ಹೊತ್ತಿಗೇ ಬಂದೆ. ಆದರೆ ಇಳಿಯುವುದು ಹೇಗೆ? ಗಡಿಯಾರ ಹಿಡಿದು ನಿಂತಿದ್ದ ಸಾಹೇಬರ ಮುಂದೆಯೇ ಹಾದು ಹೋದೆ. ಮತ್ತೆ ಬಂದೆ. ಮತ್ತೆ ಹೋದೆ! ನಾಲ್ಕನೆಯ ಸುತ್ತಿನಲ್ಲಿ ಮುಳ್ಳುಬೇಲಿ ನನ್ನನ್ನು ಇಳಿಸಿಕೊಂಡಿತು. ಸಾಹೇಬರು ನಗು ತಡೆಯಲಾರದೆ ಇನ್ನೊಂದೇ ದಿನದ ಗಡುವು ಕೊಟ್ಟರು. ನಾಚಿಕೆಯಿಂದ ಸಾಯುವಂತಾಯಿತು.

ಸಂಜೆಯೇ ಮಿಸ್ತ್ರಿಯ ಮುಂದೆ ಎಲ್ಲ ಒಪ್ಪಿಕೊಂಡೆ. ಅವನು ಬೈಯಲಿಲ್ಲ. "ನನ್ನ ಕೈ ನಂಬಿ ಜನ ದುಡ್ಡು ಕೊಡ್ತಾರೆ ಸಾಬ್. ನೀವು ದುಡ್ಡು ಕೊಟ್ರಿ, ನಂಬ್ಲಿಲ್ಲ," ಎಂದಷ್ಟೇ ಹೇಳಿ, ಸೀಟಿನ ಕೆಳಗಿನ ಉದ್ದ ಪೈಪು ತೆಗೆದು ಗಿಡ್ಡದನ್ನು ಬೆಸೆದ. ಸೈಕಲ್ ನನ್ನ ಕಾಲಿನ ಮಾತು ಕೇಳತೊಡಗಿತು.

ಹಳೆಯ ಪೈಪನ್ನು ಅವನು ಮೂಲೆಗಿಟ್ಟ. ಹುಟ್ಟುಗುಣ ಸುಟ್ಟರೂ ಹೋಗದು! "ಅದನ್ನ ಇಲ್ಲಿ ಕೊಡ್ರೀ, ಅದು ನನ್ನದು!" ಎಂದು ಕಸಿದುಕೊಂಡು ಮನೆಗೆ ತಂದೆ.

ಪದ್ಮಾ ಅದನ್ನು ಒಲೆಗೆ ಹಿಡಿದು ಊದಿದಳು. ಹಸಿ ಸೌದೆಯೂ ಭಗ್ಗೆಂದಿತು.

"ಒಳ್ಳೇ ಊದುಗೊಳವೆ ಕಣ್ರೀ! ಎಷ್ಟಾಯ್ತು?"

"ಪುಕ್ಕಟೆ ಬಂತು ಕಣೇ," ಎಂದೆ ಹೆಮ್ಮೆಯಿಂದ.

ಹೊಸ ಪೈಪಿಗೂ ಬೆಸುಗೆಗೂ ತೆತ್ತದ್ದನ್ನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ!