ಚೌಕಾಬಾರದ ಒಪ್ಪಿಗೆ ಪತ್ರ

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನು ಚಿಕ್ಕಂದಿನಿಂದಲೂ ಚಾಡಿಕೋರ. ಈಚೆಗೆ ಅದಕ್ಕೆ ಸಂಶೋಧನೆ ಎಂದು ಹೆಸರಿಟ್ಟುಕೊಂಡಿದ್ದೇನೆ, ಅಷ್ಟೇ. ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಬಹಳ ವರ್ಷಗಳಿಂದ ಸಮಾಜಶಾಸ್ತ್ರ ಪಾಠ ಮಾಡುತ್ತಿರುವ ನನಗೆ ಐವತ್ತು ದಾಟಿದ ಮೇಲೆ ಡಾಕ್ಟರೇಟ್ ಮಾಡುವ ಹುಚ್ಚು ಹಿಡಿಯಿತು. ಕಾರಣ ಜ್ಞಾನದಾಹವೇನಲ್ಲ. ಕಾಲೇಜಿನ ಒಂದು ಆಹ್ವಾನ ಪತ್ರಿಕೆಯಲ್ಲಿ, ನನ್ನ ಬಳಿಯೇ ಓದಿ ಮೇಷ್ಟ್ರಾದವರ ಹೆಸರಿನ ಹಿಂದೆ 'ಡಾ.' ಎಂದೂ ನನ್ನ ಹೆಸರಿನ ಹಿಂದೆ 'ಶ್ರೀ' ಎಂದೂ ಅಚ್ಚಾಗಿತ್ತು. "ಶ್ರೀ ಅಂದ್ರೆ ಲಕ್ಷ್ಮಿ ಕಣ್ರೀ, ಒಳ್ಳೇದೇ ಅಲ್ವಾ?" ಎಂದು ನನ್ನ ಹೆಂಡತಿ ಸುಮಾ ಸಮಾಧಾನ ಮಾಡಿದಳು. ಆ ಸಮಾಧಾನ ಕೇಳಿದ ಮೇಲೆ ಹಟ ಇನ್ನೂ ಜಾಸ್ತಿಯಾಯಿತು.

ವಿಷಯ ಯಾವುದು ಎಂದಾಗ ನನ್ನ ಮಾರ್ಗದರ್ಶಕಿ, ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು, "ಆನ್‌ಲೈನ್ ಆಟ ಆಡೋರ ಗುಂಪುಗಳ ಮೇಲೆ ಮಾಡಿ ಸಾರ್, ಈಗ ಅದೇ ನಡೀತಿರೋದು" ಎಂದರು. ಎಲ್ಲರೂ ಆಡುವ ಯುದ್ಧದ ಆಟವನ್ನು ಫೋನಿಗೆ ಹಾಕಿಕೊಂಡೆ. ನಡೆಯುವುದಕ್ಕೆ ಯಾವ ಗುಂಡಿ ಒತ್ತಬೇಕು ಎಂದು ಹುಡುಕುವಷ್ಟರಲ್ಲಿ ಯಾರೋ ನನ್ನನ್ನು ಗುಂಡಿಕ್ಕಿ ಕೊಂದಿದ್ದರು. ಹೀಗೆ ನಾಲ್ಕು ಸಲ ಸತ್ತ ಮೇಲೆ, ನನ್ನ ಯೋಗ್ಯತೆಗೆ ತಕ್ಕ ಆಟವೊಂದು ಕಣ್ಣಿಗೆ ಬಿತ್ತು. ಫೋನಿನ ಚೌಕಾಬಾರ.

ಚೌಕಾಬಾರ ಅಂದಕೂಡಲೇ ನನ್ನ ತಲೆಯಲ್ಲಿ ಹೊಸದುರ್ಗದ ಕಡೆಯ ಶ್ರೀರಾಂಪುರ ಬಂದು ಕೂರುತ್ತದೆ. ಅಲ್ಲಿ ನನ್ನ ಅಜ್ಜಿಯ ಮನೆ ಜಗಲಿಯ ಚಪ್ಪಡಿಯ ಮೇಲೆ ಯಾರೋ ಯಾವ ಕಾಲದಲ್ಲೋ ಇಪ್ಪತ್ತೈದು ಮನೆ ಕೆತ್ತಿಟ್ಟಿದ್ದರು. ಮಧ್ಯಾಹ್ನ ಮುಸುರೆ ತೊಳೆದಾದ ಮೇಲೆ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಪಕ್ಕದ ಮನೆಯವರು ಸೇರಿ ನಾಲ್ಕು ಕಡೆ ಕೂರುತ್ತಿದ್ದರು. ಕವಡೆ ಇಲ್ಲದ ದಿನ ಹುಣಸೆಬೀಜವನ್ನು ಒಂದು ಮಗ್ಗುಲು ಬೆಳ್ಳಗಾಗುವವರೆಗೆ ಕಲ್ಲಿಗೆ ತಿಕ್ಕಿಕೊಡುವುದು ನನ್ನ ಕೆಲಸ. ಬೆರಳು ಸುಡುತ್ತಿತ್ತು, ಆದರೂ ಆ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅಂಗೈಯಲ್ಲಿ ಬೀಜ ಕುಲುಕುವ ಸದ್ದು, ಎಂಟರ ಬಾರ ಬಿದ್ದಾಗ ಅಜ್ಜಿ ನಾಲಿಗೆಯಲ್ಲಿ 'ಟೊಕ್' ಎನ್ನಿಸುವ ಸದ್ದು, ಇವೆರಡೂ ನನಗೆ ಬೇಸಿಗೆಯ ಸದ್ದುಗಳು.

ಆ ಜಗಲಿಗೆ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಆಟ ನೋಡಲು ಬಂದವರು ಆಡುವ ನಾಲ್ವರಲ್ಲಿ ಯಾರಾದರೊಬ್ಬರ ಹಿಂದೆ ಕೂರಬೇಕು. ಬಂದವರನ್ನು ಅಜ್ಜಿ ಕೇಳುತ್ತಿದ್ದ ಮೊದಲ ಮಾತೇ, "ಯಾರ ಕಡೆ ಕುಂತ್ಕಂತೀಯ?" ಸುಮ್ಮನೆ ಕಂಬಕ್ಕೊರಗಿ ನೋಡುವ ಹಾಗಿರಲಿಲ್ಲ. ನಾನು ಬೀಜ ತಿಕ್ಕುವವನಾದ್ದರಿಂದ ಕಂಬದ ಬಳಿ ಇರಲು ರಿಯಾಯಿತಿ ಇತ್ತು. ಒಂದು ದಿನ ಆಟದ ಗುಂಗಿನಲ್ಲಿ ಚಿಕ್ಕಮ್ಮ, "ಅಕ್ಕನ ಹೋಳಿಗೆ ಹೊದ್ಕಂಡು ಮಲಗಬಹುದು, ಅಷ್ಟು ದಪ್ಪ" ಎಂದಳು. ಅವತ್ತು ದೊಡ್ಡಮ್ಮ ಜಗಲಿಗೆ ಬಂದಿರಲಿಲ್ಲ. ಮಾತು ಒಳಗೆ ಹೋಯಿತು. ಹೊತ್ತುಕೊಂಡು ಹೋದವನು ನಾನು, ಸಿಕ್ಕ ಕೂಲಿ ಒಂದು ಚೂರು ಕೊಬ್ಬರಿ, ಬೆಲ್ಲ. ಆ ಬೇಸಿಗೆ ಪೂರ್ತಿ ಜಗಲಿಯಲ್ಲಿ ಆಟ ನಡೆಯಲಿಲ್ಲ. ಅಜ್ಜಿ ಬೈಯಲಿಲ್ಲ, ಹೊಡೆಯಲಿಲ್ಲ. "ಕಡೆ ಇಲ್ಲದೋರು ಆಟ ನೋಡಂಗಿಲ್ಲ ಅಂತ ಇದಕ್ಕೇ ಕಣೋ ಹೇಳೋದು" ಎಂದಳು. ಆ ಖಾಲಿ ಚಪ್ಪಡಿಯ ಮೇಲೆ ಬೆಕ್ಕು ಮಲಗಿರುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇರಲಿ, ಫೋನಿನ ಆಟಕ್ಕೆ ಬರೋಣ. ಇದರಲ್ಲಿ ನಾಲ್ವರು ನಾಲ್ಕು ಊರಿನಿಂದ ಆಡಬಹುದು, ಆಡುತ್ತಾ ಮಾತಾಡಬಹುದು, ಹರಟೆಗೆ ಒಂದು ಗುಂಪನ್ನೂ ಮಾಡಿಕೊಳ್ಳಬಹುದು. ನಾನು 'ದುರ್ಗದ ಕೋಟೆ' ಎಂಬ ಹೆಸರಿನಲ್ಲಿ ಸೇರಿದೆ. ಉದ್ಯೋಗ ಕೇಳಿದರೆ "ಒಂದು ಆಫೀಸಿನಲ್ಲಿ" ಎಂದು ಹಾರಿಸುತ್ತಿದ್ದೆ. ದಿನಾ ಸಂಜೆ ಐದೂವರೆಗೆ ನಮ್ಮ ನಾಲ್ವರ ಆಟ. ಹಿರಿಯೂರಿನ ರುದ್ರಪ್ಪನವರದು ಬಟ್ಟೆ ಅಂಗಡಿ, ಅವರ ಮೈಕಿನಲ್ಲಿ ಆಟದ ಜೊತೆಗೆ ಲಂಗದ ಬಟ್ಟೆಯ ಚೌಕಾಸಿಯೂ ಕೇಳಿಸುತ್ತಿತ್ತು. ಬಾಗೂರಿನ ತಿಪ್ಪೇಸ್ವಾಮಿ ನಿವೃತ್ತ ಕಂಡಕ್ಟರ್, ಕಾಯಿ ನಡೆಸಿದಾಗಲೆಲ್ಲ "ರೈಟ್, ಹೋಗಾಣ" ಅನ್ನುತ್ತಿದ್ದರು. ನಾಲ್ಕನೆಯವರು ರಾಮಗಿರಿಯ ಗೌರಮ್ಮ. ಎಪ್ಪತ್ತರ ಹತ್ತಿರದವರು, ದಯೆ ದಾಕ್ಷಿಣ್ಯ ಇಲ್ಲದ ಆಟಗಾರ್ತಿ. ನನ್ನ ಕಾಯಿ ನಡುಮನೆ ಸೇರಿ ಹಣ್ಣಾಗಲು ಒಂದೇ ಮನೆ ಇದೆ ಎನ್ನುವಾಗ ಹೊಡೆದು, "ಮತ್ತೆ ಮನೆಯಿಂದ ಹೊರಡಪ್ಪ ಕೋಟೆಯಪ್ಪ" ಎನ್ನುತ್ತಿದ್ದರು. ಹೊಡೆದಾಗ ನಾಲಿಗೆಯಲ್ಲಿ 'ಟೊಕ್' ಎನ್ನುತ್ತಿದ್ದರು. ಆ ಸದ್ದು ಕೇಳಲೆಂದೇ ನಾನು ಹೊಡೆಸಿಕೊಳ್ಳುತ್ತಿದ್ದೆ ಎಂದರೆ ನೀವು ನಂಬಬೇಡಿ. ನನಗೆ ಆಡಲು ಬರುತ್ತಿರಲಿಲ್ಲ. ಎಂಟು ತಿಂಗಳಲ್ಲಿ ಒಂದು ಸಲವೂ ನಾನು ಗೆದ್ದಿರಲಿಲ್ಲ.

ಫೋನಿನ ಪಕ್ಕದಲ್ಲಿ ನೋಟ್‌ಬುಕ್ ಇರುತ್ತಿತ್ತು. ಅವರು ಆಡಿದ ಮಾತೆಲ್ಲ ಅದರಲ್ಲಿ ಇಳಿಯುತ್ತಿತ್ತು. ಅಲ್ಲಿ ಗೌರಮ್ಮ ಗೌರಮ್ಮನಲ್ಲ, 'ಭಾಗಿ-೪'. ಒಂದು ಸಂಜೆ ಭಾಗಿ-೪ ಹೇಳಿದ್ದು ಇದು: "ನಮ್ಮ ಮಾವ ಭಾರಿ ಜೋರು. ಚೌಕಾಬಾರದಾಗೆ ಸೋತ್ರೆ ಅವತ್ತು ಊಟ ಇಲ್ಲ, ಮುಖ ಗೋಡೆ ಕಡೆ. ಅವರು ಉಣ್ಣದಿದ್ರೆ ಮನೇಲಿ ಯಾರೂ ಉಣ್ಣಂಗಿಲ್ಲ. ಅದಕ್ಕೇ ನಾನು ಹೊಡೆಯೋ ಕಾಯಿ ಎದುರಿಗಿದ್ರೂ 'ಅಯ್ಯೋ, ಕಾಣಲಿಲ್ಲ' ಅಂದು ಬೇರೆ ಕಾಯಿ ನಡೆಸ್ತಿದ್ದೆ. ಹದಿನಾರು ವರ್ಷ ಸೋತಿದೀನಿ ಕಣಪ್ಪ. ಈಗ ಬಡ್ಡಿ ಸಮೇತ ನಿಮ್ಮ ಮೇಲೆ ತೀರಿಸ್ಕಂತಿದೀನಿ." ಎಲ್ಲರೂ ನಕ್ಕೆವು. ನಾನು ನಗುತ್ತಲೇ ಬರೆದುಕೊಂಡೆ. ಆ ನಾಲ್ಕು ಮಾತಿನ ಮೇಲೆ ಎಂಟು ಪುಟ ಬೆಳೆಸಿದೆ. ನನ್ನ ನಾಲ್ಕನೇ ಅಧ್ಯಾಯದ ಜೀವ ಅದೇ ಆಗಿತ್ತು.

ಮಾರ್ಗದರ್ಶಕಿ ಓದಿ, "ಚಿನ್ನ ಸಾರ್ ಇದು" ಎಂದರು. ನಾನು ಉಬ್ಬಿದೆ. ಆಮೇಲೆ ಅವರು, "ನೀವು ಸಂಶೋಧನೆ ಮಾಡ್ತಿರೋದು ಅವರಿಗೆ ಗೊತ್ತು ತಾನೇ?" ಎಂದರು.

"ಗೊತ್ತಾದ್ರೆ ಹಿಂಗೆ ಮಾತಾಡ್ತಾರಾ ಮೇಡಂ?"

"ಅದನ್ನೇ ಸಾರ್, ಯೂನಿವರ್ಸಿಟಿಯ ನೈತಿಕ ಸಮಿತಿಯವರು ಕೇಳೋದು. ಪ್ರತಿಯೊಬ್ಬರಿಂದಲೂ ಒಪ್ಪಿಗೆ ಪತ್ರ ಬೇಕು. ಇಲ್ಲದಿದ್ರೆ ಈ ಅಧ್ಯಾಯ ಹೋಗುತ್ತೆ."

ಪತ್ರದ ನಮೂನೆ ಕೊಟ್ಟರು. 'ಯಾವುದೇ ಒತ್ತಡ, ಆಮಿಷ ಅಥವಾ ಬಲವಂತಕ್ಕೆ ಒಳಗಾಗದೆ, ಸಂಭವನೀಯ ಅಪಾಯಗಳನ್ನು ಅರಿತು, ಸ್ವಇಚ್ಛೆಯಿಂದ' ಎಂದು ಶುರುವಾಗಿ ಮೂರು ಪುಟ ಇತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಇಲ್ಲದ್ದಕ್ಕೆ, ಒಂದು ಬೆಳಗ್ಗೆ ಅದನ್ನು ಗುಂಪಿಗೆ ಹಾಕಿ, ಕೆಳಗೆ 'ದಯವಿಟ್ಟು ಸಹಿ ಮಾಡಿ' ಎಂದು ಬರೆದು, ಫೋನನ್ನು ಮಗುಚಿಟ್ಟು ಕಾಲೇಜಿಗೆ ಹೋದೆ.

ವಾಪಸ್ ಬಂದಾಗ ಮೊದಲು ಕರೆ ಮಾಡಿದವರು ರುದ್ರಪ್ಪ. "ಕೋಟೆಯಣ್ಣ, ಇದು ಆಪರೇಷನ್‌ಗೆ ಮುಂಚೆ ಬರೆಸ್ಕಂತಾರಲ್ಲ, ಅದಲ್ವಾ? ಯಾರಿಗೆ ಏನಾಗೈತೆ?" ಎಂದು ಗಾಬರಿಯಲ್ಲಿ ಕೇಳಿದರು. ವಿವರಿಸಿದೆ. "ಹಂಗಾದ್ರೆ ಇಷ್ಟು ದಿನ ನೀವು ನಮ್ಮ ಜೊತೆ ಆಡ್ತಿರಲಿಲ್ಲ, ನಮ್ಮನ್ನ ನೋಡ್ತಿದ್ರಿ" ಎಂದರು. ಆದರೂ ಸಹಿ ಮಾಡಿ ಕಳಿಸಿದರು. ತಿಪ್ಪೇಸ್ವಾಮಿಯವರೂ ಕಳಿಸಿದರು. ಆದರೆ ಸಂಜೆ ಆಟಕ್ಕೆ ಕೂತಾಗ ಅವರು ವಾರ್ತೆ ಓದುವವರ ಹಾಗೆ ಗಂಟಲು ಸರಿಮಾಡಿಕೊಂಡು, "ನಾನು ಈಗ ನನ್ನ ಕಾಯಿಯನ್ನು ಮೂರು ಮನೆ ಮುಂದಕ್ಕೆ ನಡೆಸುತ್ತಿದ್ದೇನೆ" ಎಂದರು. 'ರೈಟ್, ಹೋಗಾಣ' ಬರಲೇ ಇಲ್ಲ. ರುದ್ರಪ್ಪ ಗಿರಾಕಿಗಳ ಮಾತು ಕೇಳಿಸಬಾರದೆಂದು ಮೈಕ್ ಮುಚ್ಚಿಕೊಂಡು ಆಡಿದರು. ಗೌರಮ್ಮ ಬರಲಿಲ್ಲ. ಅವರ ಜಾಗದಲ್ಲಿ ಯಂತ್ರವೇ ಆಡಿತು. ಅದೂ ನನ್ನ ಕಾಯಿ ಹೊಡೆಯಿತು, ಆದರೆ ಮಾತಿಲ್ಲದೆ ಹೊಡೆಯಿತು. ಹಾಗೆ ಹೊಡೆಸಿಕೊಳ್ಳುವುದು ಎಷ್ಟು ನೋವು ಎಂದು ಅವತ್ತು ಗೊತ್ತಾಯಿತು.

ನಾಲ್ಕು ದಿನ ಕಾದೆ. ಗೌರಮ್ಮ ಬರಲಿಲ್ಲ, ಕರೆ ಮಾಡಿದರೆ ಎತ್ತಲಿಲ್ಲ. ಐದನೇ ದಿನ ನೋಟ್‌ಬುಕ್ಕನ್ನೂ ಎಂಟು ಪುಟಗಳನ್ನೂ ಚೀಲಕ್ಕೆ ಹಾಕಿಕೊಂಡು ಹೊಳಲ್ಕೆರೆ ಮೇಲೆ ರಾಮಗಿರಿಗೆ ಹೋಗುವ ಬಸ್ ಹತ್ತಿದೆ. ಅಧ್ಯಾಯ ಹೋಗುತ್ತದೆಂಬ ಭಯಕ್ಕೆ ಹೊರಟೆನೋ, ಆ 'ಟೊಕ್' ಇನ್ನು ಕೇಳಿಸುವುದಿಲ್ಲ ಎಂಬ ಭಯಕ್ಕೋ, ಬಸ್ಸಿನಲ್ಲಿ ಕೂತು ಎಷ್ಟು ಯೋಚಿಸಿದರೂ ತೀರ್ಮಾನವಾಗಲಿಲ್ಲ. ರಾಮಗಿರಿಯಲ್ಲಿ ಇಳಿದಾಗ ನನ್ನ ಬಳಿ ವಿಳಾಸ ಇರಲಿಲ್ಲ. ಗೌರಮ್ಮನ ಮೈಕಿನಲ್ಲಿ ದಿನಾ ಹಿಟ್ಟಿನ ಗಿರಣಿಯ ಸದ್ದು, ನಡುನಡುವೆ ರೈಲಿನ ಸದ್ದು ಕೇಳುತ್ತಿತ್ತು. ಸ್ಟೇಷನ್ ಕಡೆ ನಡೆದು ಗಿರಣಿ ಹುಡುಕಿದೆ, ಅದರ ಪಕ್ಕದ ಮನೆಯೇ ಅವರದು. ಭಾಗಿಗಳ ಗುರುತು ಸಂಪೂರ್ಣ ಗೋಪ್ಯವಾಗಿದೆ ಎಂದು ನನ್ನ ಅಧ್ಯಾಯದ ಮೊದಲ ಪುಟದಲ್ಲೇ ಬರೆದಿದ್ದೆ. ಅದು ಸುಳ್ಳೆಂದು ಕಂಡುಹಿಡಿದ ಮೊದಲ ಸಂಶೋಧಕನೂ ನಾನೇ.

"ಗೌರಮ್ಮ ಅವರ ಮನೆ ಇದೇನಾ?" ಎಂದು ಬಾಗಿಲಲ್ಲಿ ನಿಂತು ಕೂಗಿದೆ.

"ಕೋಟೆಯಪ್ಪ ಬಂದ" ಎಂದಿತು ಒಳಗಿನ ದನಿ. "ಬಾರಪ್ಪ, ಕುಂತ್ಕ."

ನಾನು ಅಂದುಕೊಂಡದ್ದಕ್ಕಿಂತ ಸಣ್ಣ ಆಕೃತಿ, ದಪ್ಪ ಕನ್ನಡಕ. ಮಂಡಕ್ಕಿ ಒಗ್ಗರಣೆ ಹಾಕಿಕೊಟ್ಟರು, ಮಜ್ಜಿಗೆ ಕೊಟ್ಟರು, ನಾನು ತಿನ್ನುವವರೆಗೆ ಏನೂ ಕೇಳಲಿಲ್ಲ. ಆಮೇಲೆ, "ನನ್ನ ಬಗ್ಗೆ ಏನು ಬರ್ದೀಯ, ಓದು" ಎಂದರು. ಎಂಟು ಪುಟ ಓದಿದೆ. 'ಕೌಟುಂಬಿಕ ಅಧಿಕಾರ ರಚನೆಯಲ್ಲಿ ಭಾಗಿ-೪ರ ಕಾರ್ಯತಂತ್ರದ ಪರಾಭವ' ಎಂಬ ಸಾಲು ಬಂದಾಗ ನನಗೇ ನಾಚಿಕೆಯಾಗಿ ದನಿ ಇಳಿಸಿದೆ.

"ಇಷ್ಟುದ್ದ ನಾನು ಹೇಳಿರಲಿಲ್ಲ" ಎಂದರು ಗೌರಮ್ಮ. "ಆದ್ರೂ ಸುಳ್ಳೇನೂ ಬರ್ದಿಲ್ಲ ಬಿಡು. ನೋಡಪ್ಪ, ನಾನು ಬೇಕಂತ ಸೋಲ್ತಿದ್ದೆ ಅನ್ನೋದು ನಮ್ಮ ಮಾವಂಗೆ ಸಾಯೋವರ್ಗೂ ಗೊತ್ತಾಗಲಿಲ್ಲ. ಇಡೀ ಹೋಬಳೀಲಿ ನನ್ನ ಸೋಲ್ಸೋರಿಲ್ಲ ಅಂತ ಮೀಸೆ ತಿರುವ್ಕಂಡೇ ಹೋದ್ರು. ಈಗ ನೀನು ಅಚ್ಚು ಹಾಕ್ಸಿದ್ರೆ ಹದಿನಾರು ವರ್ಷದ ಆಟನೆಲ್ಲ ಅವರು ಒಂದೇ ದಿನಕ್ಕೆ ಸೋತಂಗಾಗ್ತೈತೆ. ಅವರು ಗೆದ್ದೋರಾಗೇ ಇರ್ಲಿ. ಅದೊಂದು ತೆಗಿ. ಮಿಕ್ಕಿದ್ದಕ್ಕೆ ಎಲ್ಲಿ ಬೇಕು ಅಲ್ಲಿ ಸಹಿ ಹಾಕ್ತೀನಿ."

ಅದೊಂದು ತೆಗೆದರೆ ಮಿಕ್ಕಿದ್ದೇನೂ ಇರಲಿಲ್ಲ. ಒಂದು ಕ್ಷಣ, ನೈತಿಕ ಸಮಿತಿಗೆ ಬೇಕಾದದ್ದು ಸಹಿ ಮಾತ್ರ, ಸಹಿ ಹಾಕಿಸಿಕೊಂಡು ಎದ್ದುಬಿಡಲೇ ಎಂಬ ಯೋಚನೆಯೂ ಬಂತು, ಸುಳ್ಳೇಕೆ ಹೇಳಲಿ. ಆದರೆ ಗೌರಮ್ಮ ಅಷ್ಟರಲ್ಲಿ ಸೀಮೆಸುಣ್ಣ ತಂದು ನೆಲದ ಮೇಲೆ ಮನೆ ಬರೆಯತೊಡಗಿದ್ದರು. ಗಿರಣಿಯ ಇಬ್ಬರು ಹೆಂಗಸರು ಸೆರಗಿನ ಹಿಟ್ಟು ಕೊಡವುತ್ತಾ ಬಂದು ಕೂತರು. ನಾನು ಎದ್ದು ಗೋಡೆಗೊರಗಿ ನಿಂತೆ. ಗೌರಮ್ಮ ಕವಡೆ ಕುಲುಕುತ್ತಾ ತಲೆ ಎತ್ತದೆಯೇ, "ಅಲ್ಲಿ ಯಾಕೆ ನಿಂತೆ? ಯಾರ ಕಡೆ ಕುಂತ್ಕಂತೀಯ?" ಎಂದರು.

ನಲವತ್ತು ವರ್ಷದ ಮೇಲೆ ಆ ಪ್ರಶ್ನೆ ಕಿವಿಗೆ ಬಿತ್ತು. ಹೋಗಿ ಅವರ ಹಿಂದೆ ಕೂತೆ. ಎಂಟು ಪುಟಗಳನ್ನು ಅಲ್ಲೇ ಹರಿದೆ. ಅವರು ಅದನ್ನು ನೋಡಿಯೂ ನೋಡದವರಂತೆ, "ಸೋತ ದಿನ ನೀನು ಊಟ ಮಾಡ್ತೀಯೇನಪ್ಪ?" ಎಂದು ಕೇಳಿದರು. "ಮಾಡ್ತೀನಮ್ಮ, ಆದ್ರೆ ಅರ್ಧ ಮುದ್ದೆ ತಟ್ಟೇಲೇ ಉಳೀತೈತೆ ಅಂತ ಹೆಂಡ್ತಿ ಬೈತಾಳೆ" ಎಂದೆ. ಎಲ್ಲರೂ ನಕ್ಕರು.

ಮಾರನೇ ಸಂಜೆ ಗೌರಮ್ಮ ಆಟಕ್ಕೆ ಬಂದರು. ವಾರದೊಳಗೆ ತಿಪ್ಪೇಸ್ವಾಮಿಯವರ 'ರೈಟ್' ವಾಪಸ್ಸಾಯಿತು, ರುದ್ರಪ್ಪನ ಅಂಗಡಿಯ ಚೌಕಾಸಿಯೂ ಕೇಳಿಸತೊಡಗಿತು. ನೋಟ್‌ಬುಕ್ ಬೀರು ಸೇರಿದೆ. ಸಮಿತಿಯ ಅರ್ಜಿಯಲ್ಲಿ 'ಸಂಶೋಧಕರಿಗೂ ಭಾಗಿಗಳಿಗೂ ಯಾವುದಾದರೂ ಸಂಬಂಧ ಇದೆಯೇ?' ಎಂಬ ಕಲಂ ಇತ್ತು. 'ಭಾಗಿ-೪ರ ಕಡೆ ಕುಳಿತಿದ್ದೇನೆ' ಎಂದು ತುಂಬಿದೆ. ಸ್ಪಷ್ಟೀಕರಣ ಕೇಳಿ ಅರ್ಜಿ ವಾಪಸ್ ಬಂದಿದೆ. ಹೀಗಾಗಿ ನಾನಿನ್ನೂ ಶ್ರೀಯೇ. ಪ್ರಬಂಧದಿಂದ ತೆಗೆದದ್ದನ್ನು ಇಲ್ಲಿ ನಿಮ್ಮ ಕಿವಿಗೆ ಹಾಕಿದೆಯಲ್ಲ ಎನ್ನುವಿರಾದರೆ, ಚಟ ಅಷ್ಟು ಬೇಗ ಬಿಡುವುದಿಲ್ಲ. ಹೆಸರು, ಊರು, ಮಾವ ಎಲ್ಲವನ್ನೂ ಬದಲಾಯಿಸಿದ್ದೇನೆ. ನೀವು ಗಿರಣಿ ಹುಡುಕಿಕೊಂಡು ಹೊರಡಬೇಡಿ.

ಇನ್ನೊಂದು ಸಂತೋಷದ ಸಂಗತಿ ಹೇಳುವುದನ್ನೇ ಮರೆತೆ. ರಾಮಗಿರಿಗೆ ಹೋಗಿ ಬಂದಮೇಲೆ ನನ್ನ ಆಟ ಬಹಳ ಸುಧಾರಿಸಿತು. ಒಂದೇ ತಿಂಗಳಲ್ಲಿ ಏಳು ಸಲ ಗೆದ್ದೆ. ಅವರ ಹಿಂದೆ ಕೂತು ಗುಟ್ಟು ಕಲಿತೆ ಎಂದು ಸುಮಾಳ ಮುಂದೆ ಕೊಚ್ಚಿಕೊಂಡೆ. ಮೊನ್ನೆ ಸಂಜೆ ನನ್ನ ಕೊನೆಯ ಕಾಯಿ ಹಣ್ಣಾಗಲು ಒಂದೇ ಮನೆ ಇತ್ತು. ಗೌರಮ್ಮನಿಗೆ ಮೂರು ಬಿತ್ತು. ಅವರ ಕಾಯಿಗೆ ಸರಿಯಾಗಿ ಮೂರೇ ಮನೆ ಮುಂದೆ ನನ್ನ ಕಾಯಿ. ಮುಗಿಯಿತೆಂದು ಕಣ್ಣು ಮುಚ್ಚಿಕೊಂಡೆ. 'ಟೊಕ್' ಕೇಳಿಸಲಿಲ್ಲ. ಅವರು ಬೇರೆ ಕಾಯಿ ನಡೆಸಿದ್ದರು.

"ಅಯ್ಯೋ," ಎಂದರು ಫೋನಿನಲ್ಲಿ, "ಕಾಣಲಿಲ್ಲ ಕಣಪ್ಪ."

ಅವತ್ತು ಊಟಕ್ಕೆ ಕೂತಾಗ ಸುಮಾ ನನ್ನ ಮುಖ ನೋಡಿ, "ಗೆದ್ರೂ ಯಾಕ್ರೀ ಹಿಂಗೆ ಕೂತಿದೀರಾ?" ಎಂದಳು. ಮುದ್ದೆ ಪೂರ್ತಿ ಉಂಡೆ. ಉಳಿಸಿದರೆ ಆ ಅಮ್ಮ ಸೋತದ್ದು ದಂಡವಾಗುತ್ತದೆ.