ಜೀಪಿನ ಎಣ್ಣೆಗಳ್ಳನನ್ನು ನಾನು ಹಿಡಿದ ಬಗೆ

ನನಗೆ ಮೋಸ ಮಾಡಿ ದಕ್ಕಿಸಿಕೊಂಡವರು ಇಲ್ಲ. ಸಂತೆಯಲ್ಲಿ ಮುದಿ ಕುರಿಯನ್ನು ಹರೆಯದ್ದೆಂದು ಮಾರಲು ಬಂದವನನ್ನು ನಾನು ಕುರಿಯ ಬಾಯಿ ತೆರೆಸದೆಯೇ ಹಿಡಿದಿದ್ದೇನೆ. ಅವನ ಬಾಯಿ ತೆರೆಸಿದೆ, ಅಷ್ಟೇ ಸಾಕಾಯಿತು. ಐದು ಮೊಮ್ಮಕ್ಕಳಲ್ಲಿ ಒಂದೂ ನನ್ನ ಕಣ್ಣು ತಪ್ಪಿಸಿ ಬೆಲ್ಲ ತಿಂದಿಲ್ಲ. ನಾನು ಕಲಿತದ್ದು ಮೂರನೆಯ ಇಯತ್ತೆ. ಆದರೆ ಸಂಶಯಪಡುವುದಕ್ಕೆ ಶಾಲೆ ಬೇಕಾಗಿಲ್ಲ.

ಆದ್ದರಿಂದ ನಮ್ಮ ಜೀಪಿನ ಆಯಿಲ್ ಮೀಟರಿನ ಮುಳ್ಳು ಬಿದ್ದ ದಿನ ಮನೆಯಲ್ಲಿ ಎಲ್ಲರೂ ಹೆದರಿದರು, ನಾನು ಹೆದರಲಿಲ್ಲ. ಯಾರೋ ಎಣ್ಣೆ ಕದಿಯುತ್ತಿದ್ದಾರೆ. ಹಿಡಿದರೆ ಮುಗಿಯಿತು.

ನಾವು ಕುರಿ ಸಾಕುವವರು. ನನ್ನ ಇಬ್ಬರು ಮಕ್ಕಳು ಹಿಂಡಿನ ಜೊತೆ ಇರುತ್ತಾರೆ. ಒಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ಎಂಟು ದಿನ ಹಿಂಡು ಕೂಡಿಸುವುದು, ಆಮೇಲೆ ಮತ್ತೊಬ್ಬರ ಹೊಲ. ದೊಡ್ಡ ಕುರಿ ನಡೆಯುತ್ತವೆ. ಎರಡು ದಿನದ ಮರಿ ನಡೆಯುವುದಿಲ್ಲ. ರಾತ್ರಿ ಹಿಂಡಿನ ಸುತ್ತ ಕಟ್ಟುವ ಬಲೆ, ಗೂಟ, ಪಾತ್ರೆಗಳಂತೂ ಎಷ್ಟು ದಿನವಾದರೂ ನಡೆಯುವುದಿಲ್ಲ. ಇವೆಲ್ಲ ಹೋಗುವುದು ಜೀಪಿನಲ್ಲಿ. ಹಳೆಯ ಡೀಸೆಲ್ ಜೀಪು, ನಾಲ್ಕೂ ಗಾಲಿ ಎಳೆಯುತ್ತದೆ, ಎರೆಮಣ್ಣಿನ ಕೆಸರಿಗೂ ಜಗ್ಗುವುದಿಲ್ಲ. ಒಂದು ಬಾಗಿಲನ್ನು ಹಗ್ಗದಿಂದ ಕಟ್ಟಿದೆ, ಇನ್ನೊಂದು ಇಲ್ಲ. ನಡೆಸುವವನು ನನ್ನ ಮೈದುನ ಬೀರಪ್ಪ. ನಮ್ಮ ಅಂಗಳದ ಆಚೆ ಬದಿಗೇ ಅವನ ಮನೆ. ಜೀಪು ಬಂದಂದಿನಿಂದ ಅದರ ಸ್ಟೇರಿಂಗನ್ನು ಅವನು ಇನ್ನೊಬ್ಬರಿಗೆ ಕೊಟ್ಟವನಲ್ಲ.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಬೀರಪ್ಪ ಜೀಪು ಚಾಲೂ ಮಾಡಿದವನು ಇಳಿದು ಬಂದ.

"ವೈನಿ, ಆಯಿಲ್ ಪ್ರೆಶರ್ ಬರವಲ್ದು. ಮುಳ್ಳು ಪೂರಾ ಬಿದ್ದೈತಿ."

"ಬಿದ್ರ ಏನಾಗತೈತಿ?"

"ಒಳಗ ಎಣ್ಣಿ ತಿರಗಲಿಲ್ಲಂದ್ರ ಕಬ್ಬಣಕ್ಕ ಕಬ್ಬಣ ತಿಕ್ಕಿ ಇಂಜಿನ್ ಸೀಜ್ ಆಗತೈತಿ. ಆಮ್ಯಾಲ ಜೀಪಿನಾಗ ಕೋಳಿ ಸಾಕಬೇಕು."

"ಎಣ್ಣಿ ಕಡಿಮಿ ಆಗೇತಿ. ಯಾರೋ ತಗೀತಾರ."

ಅವನು ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ನನ್ನ ಮುಂದೆ ಹಿಡಿದ. ಎಣ್ಣೆ ಗೆರೆಯವರೆಗೆ ಇತ್ತು.

ಎಣ್ಣೆ ಕಡಿಮೆಯಿದ್ದರೆ ಕಳ್ಳ ದಡ್ಡ. ಪೂರ್ತಿ ಇದ್ದರೆ ಕಳ್ಳ ಶಾಣ್ಯಾ. ಒಳ್ಳೆಯದನ್ನು ತೆಗೆದುಕೊಂಡು ಕೆಟ್ಟದ್ದನ್ನು ಸುರಿದಿದ್ದಾನೆ. ನಾನು ಕಡ್ಡಿ ಕಸಿದುಕೊಂಡು ಮೂಸಿದೆ. ಬೆರಳಿಗೆ ಹಚ್ಚಿ ತಿಕ್ಕಿ ನೋಡಿದೆ. ನಾಲಿಗೆಗೂ ಹಚ್ಚುವವಳಿದ್ದೆ, ಕಟ್ಟೆಯ ಮೇಲೆ ಕೂತಿದ್ದ ನಮ್ಮ ಯಜಮಾನರು, "ಉಪ್ಪು ಸರಿ ಐತೇನು?" ಎಂದು ಕೇಳಿದರು. ಬಿಟ್ಟೆ.

"ಇದು ಕರ್ರಗ ಐತಲ್ಲ," ಎಂದೆ. "ತಂದಾಗ ಜೇನುತುಪ್ಪದಂಗ ಇತ್ತು."

"ಡೀಸೆಲ್ ಇಂಜಿನ್ ವೈನಿ ಇದು. ಇವತ್ತ ಹಾಕಿದ್ದು ನಾಳಿಗೆ ಕರ್ರಗ ಆಗತೈತಿ."

"ಕದ್ದವರೂ ಹಿಂಗ ಹೇಳತಾರ."

ಬೀರಪ್ಪ ನಕ್ಕ. ಬರೆದಿಡುತ್ತೇನೆ, ಏಕೆಂದರೆ ಆಮೇಲೆ ಬಹಳ ದಿನ ಅವನು ನಗಲಿಲ್ಲ.

ಹೊಸ ಎಣ್ಣೆ ತರಲು ಜಮಖಂಡಿಗೆ ನಾನೂ ಹೋದೆ. ಅವನೊಬ್ಬನನ್ನೇ ಕಳಿಸುವುದು ನನ್ನ ಸ್ವಭಾವದಲ್ಲಿಲ್ಲ. ಅಂಗಡಿಯಲ್ಲಿ ನಾಲ್ಕು ಡಬ್ಬಿಗಳ ಮುಚ್ಚಳ ತೆಗೆಸಿದೆ. ಬೆಲ್ಲದ ಪಾಕ ನೋಡುವ ಹಾಗೆ ಎರಡು ಬೆರಳ ನಡುವೆ ಎಳೆ ಬರುತ್ತದೆಯೋ ಎಂದು ಪರೀಕ್ಷಿಸಿದೆ.

"ಆಯೀ, ಇದು ಹೋಳಿಗಿ ಮಾಡಾಕ ಅಲ್ಲರಿ," ಎಂದ ಅಂಗಡಿಯವನು.

ಚೆನ್ನಾಗಿ ಎಳೆ ಬಂದ ಡಬ್ಬಿಯನ್ನು ನಾನು ಆರಿಸಿದೆ. ಅದು ಗೇರಿಗೆ ಹಾಕುವುದು, ಇಂಜಿನ್ನಿಗೆ ಅಲ್ಲ ಎಂದು ಬೀರಪ್ಪ ತಡೆದ. ಅಂಗಡಿಯವನೂ ಅವನ ಪಕ್ಷ ಹಿಡಿದ. ಇಬ್ಬರೂ ಒಂದೇ ಮಾತು ಆಡಿದ್ದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಮನೆಗೆ ಬಂದು ಹಳೆಯ ಎಣ್ಣೆ ಪೂರ್ತಿ ಇಳಿಯುವವರೆಗೆ, ಹೊಸದು ಪೂರ್ತಿ ಹೋಗುವವರೆಗೆ ಜೀಪಿನ ಮುಂದೆ ಕಲ್ಲಿನ ಮೇಲೆ ಕೂತೆ. ಮುಳ್ಳು ಏಳಲಿಲ್ಲ. ಆದರೆ ನಾಲ್ಕು ದಿನ ಬಿಟ್ಟು ಒಂದಿಷ್ಟು ಎದ್ದಿತು. ಎಂಟು ದಿನಕ್ಕೆ ನೆಟ್ಟಗೆ ನಿಂತಿತು. ನಾನು ಕಣ್ಣಿಟ್ಟೆ, ಕಳ್ಳ ಹೆದರಿದ. ಇದನ್ನು ನಾಲ್ಕಾರು ಮನೆಗೆ ಹೋಗಿ ಹೇಳಿಬಂದೆ. ಹೆಸರು ಹೇಳಲಿಲ್ಲ, ಗೊತ್ತಿರಲೂ ಇಲ್ಲ.

ಮುಂದಿನ ಅಮಾವಾಸ್ಯೆ ಬಂತು. ಜೀಪು ತೊಳೆದು ಪೂಜೆ ಮಾಡಿದೆವು. ಮರುದಿನ ಮುಳ್ಳು ಮತ್ತೆ ಬಿತ್ತು.

ಈಗ ವಿಷಯ ಸ್ಪಷ್ಟವಾಯಿತು. ಕಳ್ಳ ಅಮಾವಾಸ್ಯೆಗೇ ಬರುತ್ತಾನೆ. ಅಂದು ಜೀಪಿನ ಹತ್ತಿರ ಇದ್ದವರು ಯಾರು? ಬಕೀಟು ಹಿಡಿದು ದಿನವೆಲ್ಲ ಅದರ ಮೈತೊಳೆದವನು ಒಬ್ಬನೇ.

ನಾನು ಬಾನೆಟ್ಟಿಗೆ ಸರಪಳಿ ಸುತ್ತಿ ಕೀಲಿ ಜಡಿದೆ. ಎಣ್ಣೆಯ ಮುಚ್ಚಳದ ಮೇಲೆ ಅರಿಶಿನದ ಗೆರೆ ಎಳೆದೆ. ಯಾರು ಮುಚ್ಚಳ ತಿರುಗಿಸಿದರೂ ಗೆರೆ ಮುರಿಯಬೇಕು. ಕೀಲಿಕೈ ನನ್ನ ಎಲೆಯಡಿಕೆ ಸಂಚಿಯಲ್ಲಿ.

"ವೈನಿ, ಕೀಲಿಕೈ ಕೊಡು," ಎಂದು ಬೀರಪ್ಪ ದಿನಾ ಬೆಳಿಗ್ಗೆ ಕೇಳಬೇಕಾಯಿತು.

"ಯಾಕ?"

"ನೀರು ಹಾಕಬೇಕು."

"ನಾ ನಿಂತ ನೋಡತೇನಿ."

"ನೋಡು. ನೀರ ಐತಿ, ಹಾಲಲ್ಲ."

ಹೀಗೆ ಒಂದು ತಿಂಗಳು ನಡೆಯಿತು. ಮುಳ್ಳು ಮೆಲ್ಲಗೆ ಎದ್ದಿತು. ಮೂರನೆಯ ಅಮಾವಾಸ್ಯೆ ಬಂತು, ಪೂಜೆಗೆಂದು ಸರಪಳಿ ಬಿಚ್ಚಿದೆವು, ಮರುದಿನ ಮುಳ್ಳು ನೆಲ ಕಂಡಿತು. ನಾನು ಓಡಿಹೋಗಿ ಮುಚ್ಚಳ ನೋಡಿದೆ. ಅರಿಶಿನದ ಗೆರೆ ಹಾಗೇ ಇತ್ತು. ಗೆರೆ ಮುರಿದಿದ್ದರೆ ಸಂಶಯಕ್ಕೆ ಜಾಗವಿರುತ್ತಿತ್ತು. ಮುರಿಯದೆ ಇದ್ದುದರಿಂದ ಖಾತ್ರಿಯಾಯಿತು. ಅಷ್ಟು ನಾಜೂಕಾಗಿ ಮತ್ತೆ ಎಳೆಯಬಲ್ಲವನು ಮನೆಯವನೇ ಇರಬೇಕು.

ಇನ್ನು ಮುಂದೆ ನಾನು ಮಾಡಿದ್ದನ್ನು ಬರೆಯಲು ಕೈ ಸ್ವಲ್ಪ ತಡೆಯುತ್ತದೆ.

ನಮ್ಮ ಬೀರೇಶ್ವರನ ಗುಡಿಯಲ್ಲಿ ದೇವರ ಅರಿಶಿನ ಇರುತ್ತದೆ, ಅದಕ್ಕೆ ಭಂಡಾರ ಎನ್ನುತ್ತೇವೆ. ಭಂಡಾರ ಮುಟ್ಟಿ ಯಾರೂ ಸುಳ್ಳು ಹೇಳುವುದಿಲ್ಲ. ಹಾಗೆಯೇ ಸಣ್ಣ ಮಾತಿಗೆ ಇನ್ನೊಬ್ಬರನ್ನು ಭಂಡಾರ ಮುಟ್ಟು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಎದುರಿನವನ ಮರ್ಯಾದೆ ತೆಗೆದ ಹಾಗೆ. ಹೊಲದ ಗಡಿ ಒತ್ತಿದ್ದಕ್ಕೆ, ಹಿಂಡು ಕದ್ದದ್ದಕ್ಕೆ ಮುಟ್ಟಿಸಿದ್ದನ್ನು ಕೇಳಿದ್ದೇನೆ. ನಾನು ಇಂಜಿನ್ ಎಣ್ಣೆಗೆ ಮುಟ್ಟಿಸಿದೆ.

ಪೂಜಾರಿ ಇದ್ದ, ಯಜಮಾನರಿದ್ದರು, ಊರಿನ ನಾಲ್ಕು ಜನ ಇದ್ದರು.

"ಬೀರಪ್ಪ, ಎಣ್ಣಿಗೆ ಕೈ ಹಚ್ಚಿಲ್ಲ ಅಂತ ಭಂಡಾರ ಮುಟ್ಟಿ ಹೇಳು," ಎಂದೆ.

ಅವನು ನನ್ನನ್ನು ನೋಡಿದ. ಭಂಡಾರದಲ್ಲಿ ಕೈಯಿಟ್ಟು ಹಣೆಗೆ ಹಚ್ಚಿಕೊಂಡ.

"ನಾ ಕದ್ದಿಲ್ಲ. ಸಾಕ್ರೇನು?"

ನಾನು ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಅವನು ನನಗೆ 'ರಿ' ಹಚ್ಚಿ ಮಾತಾಡಿದವನಲ್ಲ. ಜೀಪಿನ ಚಾವಿ ತೆಗೆದು ನನ್ನ ಮುಂದೆ ಕಟ್ಟೆಯ ಮೇಲಿಟ್ಟ. "ಇನ್ನ ನಿಮ್ಮ ಜೀಪು ನೀವ ನಡಸ್ರಿ," ಎಂದು ಹೊರಟುಹೋದ.

ದಾರಿಯಲ್ಲಿ ಯಜಮಾನರು ಒಂದೇ ಮಾತು ಹೇಳಿದರು. "ಕಳ್ಳ ಹೋದನೋ ಇಲ್ಲೋ ಗೊತ್ತಿಲ್ಲ. ಡ್ರೈವರ್ ಅಂತೂ ಹೋದ."

ಮರುದಿನವೇ ನನ್ನ ದೊಡ್ಡ ಮಗ ಸಿದ್ದಪ್ಪನ ಫೋನು ಬಂತು. ಹಿಂಡು ಚಿಕ್ಕಪಡಸಲಗಿಯ ಬ್ಯಾರೇಜಿನ ಆಚೆ ಒಂದು ಹೊಲದಲ್ಲಿತ್ತು.

"ಯವ್ವಾ, ಹೊಲದವರು ನಾಡಿದ್ದ ನೀರು ಬಿಡತಾರ. ನಾಳೆ ಎಲ್ಲಾ ಎತ್ತಿ ಬೀಳಗಿ ಕಡೆ ಹೊಲಕ್ಕ ಹೋಗಬೇಕು. ಹತ್ತೊಂಬತ್ತ ಮರಿ ಹುಟ್ಯಾವು. ಒಂದಕ್ಕೂ ಇನ್ನ ಕಾಲು ಬಲ್ತಿಲ್ಲ. ಕಾಕಾನ್ನ ಕಳಸು."

"ಬರತಾನ ತಗೋ," ಎಂದೆ. ಧೈರ್ಯವಾಗಿಯೇ ಹೇಳಿದೆ. ಫೋನಿನಲ್ಲಿ ಮುಖ ಕಾಣುವುದಿಲ್ಲವಲ್ಲ.

ಎರಡು ದಿನದ ಮರಿ ಹಸಿ ನೆಲದಲ್ಲಿ ಮಲಗಿದರೆ ಮೂರನೆಯ ದಿನ ಏಳುವುದಿಲ್ಲ. ಇದು ನನಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಮೂರು ಗಾಲಿಯ ಟಂಟಂ ಗಾಡಿಯವನಿಗೆ ಕೇಳಿದೆ, ಎರೆಮಣ್ಣಿನ ದಾರಿ ಎಂದ ಕೂಡಲೇ ಬರುವುದಿಲ್ಲ ಎಂದ. ಊರಲ್ಲಿ ಜೀಪು ನಡೆಸಬಲ್ಲ ಒಬ್ಬನನ್ನು ಕರೆತಂದೆ. ಅವನು ಬಿದ್ದ ಮುಳ್ಳನ್ನು ನೋಡಿ, ಇಳಿದು, ಚಪ್ಪಲಿ ಮೆಟ್ಟಿಕೊಂಡ. "ದಾರ್ಯಾಗ ಇಂಜಿನ್ ಹೋದ್ರ ನನ್ನ ಹೆಸರ ಹೇಳತೀರಿ. ಬೀರಪ್ಪಗ ಭಂಡಾರ ಮುಟ್ಟಿಸಿದವರು ನೀವ ಅಲ್ಲೇನ್ರಿ?"

ಕೊನೆಗೆ ಜಮಖಂಡಿಯಿಂದ ಮಲ್ಲೇಶಿ ಎಂಬ ಮೇಸ್ತ್ರಿಯನ್ನು ಕರೆಸಿದೆ. ಅವನು ಬಂದವನೇ ಇಂಜಿನ್ ಚಾಲೂ ಮಾಡಿಸಿ ಕಿವಿಗೊಟ್ಟು ಕೇಳಿದ.

"ಸಪ್ಪಳ ಛಲೋ ಐತಲ್ಲರಿ. ಪ್ರೆಶರ್ ಇಲ್ಲದ ಇಂಜಿನ್ ಹಿಂಗ ಮಾತಾಡೂದಿಲ್ಲ. ಇಂಜಿನ್ ಸುಳ್ಳ ಹೇಳಾಕತ್ತೈತೋ, ಮೀಟರ್ ಸುಳ್ಳ ಹೇಳಾಕತ್ತೈತೋ ಮೊದಲ ನೋಡೂಣು."

ಮೀಟರೂ ಸುಳ್ಳು ಹೇಳಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ಮನುಷ್ಯರ ಮೇಲೆಲ್ಲ ಸಂಶಯಪಟ್ಟೆ, ಅದೊಂದನ್ನು ನಂಬಿದೆ. ಆದರೂ ಮಲ್ಲೇಶಿ ಬೀರಪ್ಪನ ಗೆಳೆಯನೇನೋ ಎಂದು ಒಮ್ಮೆ ಅನಿಸಿತು, ಕೇಳಿಯೂ ಬಿಟ್ಟೆ. ಅವನು ಜೀಪಿನ ಕೆಳಗೆ ಮಲಗಿ ಕೈಬ್ಯಾಟರಿಯ ಬೆಳಕು ಬಿಟ್ಟ.

"ಇಲ್ಲೊಂದು ಸೆನ್ಸರ್ ಇರತೈತಿ. ಪ್ರೆಶರ್ ಎಷ್ಟೈತಿ ಅಂತ ಅದು ಮೀಟರಿಗೆ ಹೇಳತೈತಿ. ಫಿಲ್ಟರಿನ ಹಿಂದ ಐತಿ... ಅದಕ್ಕೇನೋ ಹಸರಂದು ಸಿಕ್ಕೈತಿ. ನನ್ನ ಕೈ ಹೋಗವಲ್ದು."

"ನೀ ಅತ್ತಾಗ ಸರಿ, ನಾ ತಗೀತೇನಿ," ಎಂದೆ. ಹೊಟ್ಟೆಯಲ್ಲಿ ಅಡ್ಡ ತಿರುಗಿದ ಕುರಿಮರಿಗಳನ್ನು ಹೊರಗೆ ತೆಗೆದ ಕೈ ನನ್ನದು. ಎಂಥ ಸಂದಿಯಲ್ಲೂ ಹೋಗುತ್ತದೆ. ಹೋಯಿತು. ಬೆರಳಿಗೆ ತಂತಿ ಸಿಕ್ಕಿತು. ತಂತಿಯ ನಡುವೆ ದುಂಡಗೆ ಒಂದು ಸಿಕ್ಕಿತು. ಅದರ ಕೆಳಗೆ ಉದ್ದುದ್ದ ಐದು ಸಿಕ್ಕವು. ಆಮೇಲೆ ನನಗೆ ಕೈ ಹೊರಗೆ ತೆಗೆಯುವ ಮನಸ್ಸೇ ಆಗಲಿಲ್ಲ.

ಇಲ್ಲಿಯವರೆಗೆ ನಾನು ಒಂದು ಮಾತು ಬರೆದಿಲ್ಲ. ಮುಚ್ಚಿಡಬೇಕೆಂದಲ್ಲ, ಅದು ಲೆಕ್ಕಕ್ಕೆ ಹಿಡಿಯುವ ಮಾತೆಂದೇ ತಿಳಿದಿರಲಿಲ್ಲ. ಅಮಾವಾಸ್ಯೆಗೆ ಜೀಪಿಗೆ ದೃಷ್ಟಿಯಾಗಬಾರದೆಂದು ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವವಳು ನಾನೇ. ಮೊದಲು ಮುಂದಿನ ಬಂಪರಿಗೆ ಕಟ್ಟುತ್ತಿದ್ದೆ. ನಮ್ಮ ಹೋತ ಎರಡು ಸಲ ಅದನ್ನು ಮೆಣಸಿನಕಾಯಿ ಸಮೇತ ತಿಂದುಹಾಕಿತು. ಹೋತದ ಬಾಯಿ ಮುಟ್ಟದ ಜಾಗ ಬೇಕೆಂದು ಈ ಮೂರೂ ಅಮಾವಾಸ್ಯೆಗೆ ಇಂಜಿನ್ನಿನ ಒಳಗೆ, ಫಿಲ್ಟರಿನ ಹಿಂದೆ, ಗೂಟದಂತೆ ನಿಂತಿದ್ದ ಒಂದಕ್ಕೆ ಹಣ್ಣು ಪೋಣಿಸಿದ ತಂತಿ ಸುತ್ತಿ, ಇನ್ನೊಂದು ತುದಿಯನ್ನು ಪಕ್ಕದ ಬೋಲ್ಟಿಗೆ ಬಿಗಿದಿದ್ದೆ. ಆ ಗೂಟವೇ ಸೆನ್ಸರ್.

ಮಲ್ಲೇಶಿ ತಂತಿಯನ್ನು ತಿರುವಿ ನೋಡಿದ. "ಹಣ್ಣು ಹಸಿ ಇದ್ದಾಗ ತಂತಿ ಬಿಗಿ ಇರತೈತಿ. ಸೆನ್ಸರಿನ ಕರೆಂಟು ಇಂಜಿನ್ನಿಗೆ ಹೋಗಿ ಮುಳ್ಳು ಬೀಳತೈತಿ. ಇಂಜಿನ್ನಿನ ಕಾವಿಗೆ ಹಣ್ಣು ಒಣಗಿ ಸಣ್ಣ ಆತಂದ್ರ ತಂತಿ ಸಡ್ಲ ಆಗಿ ಮುಳ್ಳು ಏಳತೈತಿ. ಅಮಾಸಿಗೊಮ್ಮಿ ಹೊಸಾದು ಕಟ್ಟಾವ್ರು ಯಾರು?"

ಯಜಮಾನರು ಕಟ್ಟೆಯಿಂದ ಇಳಿದೇ ಬಂದರು. "ಕಳ್ಳ ಸಿಕ್ಕ ಅನ್ನು," ಎಂದರು.

ಮಲ್ಲೇಶಿ ಸೆನ್ಸರ್ ಬಿಚ್ಚಿ ತನ್ನದೊಂದು ಮೀಟರ್ ಕೂಡಿಸಿಯೂ ನೋಡಿದ. ಪ್ರೆಶರಿಗೆ ಏನೂ ಆಗಿರಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು ಎಂದು ನಾನು ಅಂದುಕೊಂಡದ್ದು ಖರೆ.

ಲಿಂಬೆಹಣ್ಣು ಹಿಡಿದುಕೊಂಡೇ ಅಂಗಳ ದಾಟಿದೆ. ಅಂಗಳ ಅಷ್ಟು ದೊಡ್ಡದೆಂದು ಆವತ್ತೇ ಗೊತ್ತಾದದ್ದು. ಬೀರಪ್ಪ ಬಾಗಿಲಲ್ಲಿ ಕೂತು ಬಲೆ ಹೆಣೆಯುತ್ತಿದ್ದ. ಅವನ ಹೆಂಡತಿ ನನಗೆ ನೀರು ಕೊಟ್ಟಳು, ಚಹಾ ಕೇಳಲಿಲ್ಲ.

"ಎಣ್ಣಿ ಕದ್ದವರು ಯಾರೂ ಇಲ್ಲ," ಎಂದೆ. "ಇದನ್ನ ನಾ ಸೆನ್ಸರಿಗೆ ಕಟ್ಟಿದ್ನಿ."

ಅವನು ಹಣ್ಣು ನೋಡಿದ. ನನ್ನನ್ನು ನೋಡಿದ. "ಇದಕ್ಕ ನನ್ನ ಕೈಲೆ ಭಂಡಾರ ಮುಟ್ಟಿಸಿದಿ?"

"ಹೂಂ."

"ನಾಲ್ಕ ಮಂದಿ ಮುಂದ."

"ಐದ ಮಂದಿ. ಪೂಜಾರಿನೂ ಇದ್ದ."

ಅವನು ಮತ್ತೆ ಬಲೆ ಎತ್ತಿಕೊಂಡ. ನಾನು ನೆಲ ನೋಡುತ್ತ, "ತಪ್ಪಾತು," ಎಂದೆ.

"ಏನಂದಿ? ಕೇಳಲಿಲ್ಲ."

"ತಪ್ಪಾತು ಅಂದ್ನಿ."

"ನನಗೂ ಕೇಳಲಿಲ್ಲ," ಎಂದರು ಯಜಮಾನರು ನಮ್ಮ ಕಟ್ಟೆಯಿಂದ.

ಮೂರನೆಯ ಸಲ ಹೇಳಿದ್ದು ಓಣಿಯ ಕೊನೆಯ ಮನೆಗೂ ಕೇಳಿತು. ಅಲ್ಲಿಂದ ಇಬ್ಬರು ಹೊರಗೆ ಬಂದು ನೋಡಿದರು. ಕಳ್ಳ ಹೆದರಿದ ಎಂದು ನಾನು ಹೇಳಿಬಂದ ಮನೆಗಳಲ್ಲಿ ಅದೂ ಒಂದು.

ಬೀರಪ್ಪ ಎದ್ದು ಚಾವಿಗೆ ಕೈ ಚಾಚಿದ. "ನಾ ಬರೂದು ಮರಿ ಸಲುವಾಗಿ. ನಿನ್ನ ಸಲುವಾಗಿ ಅಲ್ಲ."

"ಅಷ್ಟ ಸಾಕು."

"ಮತ್ತ ಮರಿ ಹಿಡಕೊಳ್ಳಾಕ ನೀನೂ ಬಾ. ಆದ್ರ ಮುಂದ ಕುಂಡ್ರಬ್ಯಾಡ. ಮುಂದ ಕುಂತ್ರ ಮೀಟರ್ ನೋಡತಿ. ಮೀಟರ್ ನೋಡಿದ್ರ ನನ್ನ ಮಾರಿ ನೋಡತಿ."

ಮರುದಿನ ಚಿಕ್ಕಪಡಸಲಗಿಯಿಂದ ಬೀಳಗಿಯ ಹೊಲದವರೆಗೆ ನಾನು ಜೀಪಿನ ಹಿಂಭಾಗದಲ್ಲಿ, ಬಲೆ, ಗೂಟ, ಪಾತ್ರೆಗಳ ನಡುವೆ, ಮೊಣಕಾಲು ಮಡಚಿಕೊಂಡು ಕೂತಿದ್ದೆ. ತೊಡೆಯ ಮೇಲೆ ನಾಲ್ಕು ಮರಿ, ಉಳಿದವು ಸುತ್ತ. ಎರಡು ನನ್ನ ಸೀರೆಯ ಸೆರಗು ಚೀಪುತ್ತಿದ್ದವು. ಮೂರನೆಯದು ಚೀಪುವುದಕ್ಕಿಂತ ಕೆಟ್ಟದ್ದು ಮಾಡಿತು. ಅರ್ಧ ದಾರಿಯಲ್ಲಿ, "ಮುಳ್ಳು ಎಲ್ಲೈತಿ?" ಎಂದು ಒಂದೇ ಸಲ ಕೇಳಿದೆ. ಬೀರಪ್ಪ ಒಂದು ದೊಡ್ಡ ತಗ್ಗನ್ನು ತಪ್ಪಿಸದೆ ಇಳಿಸಿದ.

ಹೊಲ ಬಂತು. ಸಿದ್ದಪ್ಪ ಹಿಂದಿನ ಹಲಗೆ ತೆರೆದು ಮರಿಗಳನ್ನು ಒಂದೊಂದಾಗಿ ಎತ್ತಿ ಒಣ ಹುಲ್ಲಿನ ಮೇಲೆ ಬಿಟ್ಟ. ಎಲ್ಲವೂ ನಡುಗುವ ಕಾಲಿನ ಮೇಲೆ ನಿಂತು ತಾಯಂದಿರನ್ನು ಕೂಗತೊಡಗಿದವು.

"ಹತ್ತೊಂಬತ್ತೂ ಇಳದಾವು, ಕಾಕಾ," ಎಂದ.

ಬೀರಪ್ಪ ಸ್ಟೇರಿಂಗ್ ಮುಂದಿನಿಂದ ತಿರುಗಿ ನೋಡಲೂ ಇಲ್ಲ. "ಇನ್ನೊಂದೈತಿ ನೋಡು. ಹುಷಾರಾಗಿ ಇಳಸು, ಒದೀತೈತಿ."

ಒದೆಯಬೇಕೆಂದೇ ಇದ್ದೆ. ಎರಡೂ ಕಾಲು ಜೋಮು ಹಿಡಿದಿದ್ದವು.